ದೊಡ್ಡವ್ವನ ಹೊಂಡದಲ್ಲಿ ನೊರೆ

ನಳಕ್ಕೆ ನೀರು ಬಂದ ದಿನ ಓಣಿಯ ತುಂಬ ಕೊಡಗಳದೇ ಸದ್ದು ಇರುತ್ತಿದ್ದ ಕಾಲ ಅದು. ಬೇಸಿಗೆ ಸೂಟಿ ಬಿಟ್ಟರೆ ಸಾಕು, ನಾನು ಶಹಾಪುರದಿಂದ ರಂಗಂಪೇಟೆಯ ದೊಡ್ಡವ್ವನ ಮನೆಗೆ. ಅವಳ ಹಿತ್ತಲಲ್ಲಿ, ಬೇವಿನ ಮರದ ಪಕ್ಕ, ಫರಸಿಕಲ್ಲು ಕಟ್ಟಿದ ಒಂದು ಪುಟ್ಟ ಹೊಂಡವಿತ್ತು. ಅದರಲ್ಲಿ ಬಿಳಿ ನೈದಿಲೆ, ಒಂದಿಷ್ಟು ಅಂತರಗಂಗೆ, ಒಂಬತ್ತು ಮೀನು.

ದೊಡ್ಡವ್ವ ಅದನ್ನು ಜೋಪಾನ ಮಾಡುವುದನ್ನು ನೋಡುತ್ತ ಕೂರುವುದೇ ನನಗೊಂದು ಆಟ. ನಳದ ನೀರನ್ನು ನೇರವಾಗಿ ಹಾಕುತ್ತಿರಲಿಲ್ಲ. ಹಂಡೆಯಲ್ಲಿ ಎರಡು ದಿನ ಬಿಸಿಲಿಗಿಟ್ಟು, ಔಷಧದ ವಾಸನೆ ಹೋದ ಮೇಲೆ ಚರಿಗೆಯಿಂದ ಕಲ್ಲಿನ ಅಂಚಿಗೆ ಸಣ್ಣಗೆ ಬಿಡುತ್ತಿದ್ದಳು. ನೈದಿಲೆಯ ಗಡ್ಡೆ ಕರಿಮಣ್ಣಿನ ಕುಂಡದಲ್ಲಿ. ಮಣ್ಣು ಕದಡದಂತೆ ಮೇಲೆ ಉಸುಕು. ಬೇವಿನ ಹೂ ಉದುರುವ ದಿನಗಳಲ್ಲಿ ಹೊಂಡದ ಮೇಲೊಂದು ಹಳೆಯ ಸೀರೆ ಕಟ್ಟುವಳು. ಅಂತರಗಂಗೆ ನೀರನ್ನೆಲ್ಲ ಮುಚ್ಚಿದರೆ ಅರ್ಧ ತೆಗೆದು ಕರಿಬೇವಿನ ಬುಡಕ್ಕೆ. ಮೊಣಕೈಯವರೆಗೆ ಕೈ ಇಳಿಸಿ, ತನ್ನ ಹಸಿರು ಬಳೆ ನಿಚ್ಚಳವಾಗಿ ಕಂಡರೆ ಸಮಾಧಾನ.

“ನನಗ ಚಾ ಕೊಡೂದು ಮರೀತಾಳ, ಮೀನಿಗಿ ಮಾತ್ರ ಮರ್ಯಾಂಗಿಲ್ಲ,” ಎಂದು ದೊಡ್ಡಪ್ಪ ಕಾಡುತ್ತಿದ್ದ.

“ಮೀನ ಸಕ್ರಿ ಕಮ್ಮಿ ಆತಂತ ಜಗಳ ತಗೀತಾವೇನ್ರಿ?” ಎನ್ನುತ್ತಿದ್ದಳು ಅವಳು.

ನನಗೆ ಹತ್ತು ವರ್ಷವಿದ್ದಾಗ, ಒಂದು ಮುಂಜಾನೆ ದೊಡ್ಡವ್ವ ವನದುರ್ಗಕ್ಕೆ ಮದುವೆಗೆ ಹೊರಟಳು. ದೊಡ್ಡಪ್ಪ ಅಂಗಡಿಗೆ. “ಗೌರಿ, ಹೊಂಡ ನಿನ್ನ ಕೈಯಾಗ ಕೊಟ್ಟ ಹೊಂಟೀನಿ,” ಎಂದಳು. ಆ ಮಾತಿಗೆ ನಾನು ಉಬ್ಬಿಹೋದೆ. ಅವಳು ಬರುವಷ್ಟರಲ್ಲಿ ಕಲ್ಲಿನ ಪಾಚಿಯನ್ನೆಲ್ಲ ತಿಕ್ಕಿ ಹೊಳೆಯಿಸಬೇಕೆಂದುಕೊಂಡೆ. ಸೋಪು ಹಾಕಿದರೆ ಮೀನು ಸಾಯುತ್ತವೆಂಬುದು ಗೊತ್ತಿತ್ತು. ಅವ್ವ ಬೆಳ್ಳಿ ತೊಳೆಯುವುದು ಅಂಟುವಾಳಕಾಯಿಯಲ್ಲಿ. ಅದಾದರೂ ಗಿಡದ ಕಾಯಿ, ಏನಾದೀತು? ಒಂದು ಬೊಗಸೆ ಕಾಯಿ ನೆನೆಹಾಕಿ, ಹಿಚುಕಿ, ಆ ನೊರೆಯಲ್ಲಿ ತಿಕ್ಕಿದೆ. ರೊಟ್ಟಿ, ಶೇಂಗಾ ಹಿಂಡಿ ತಿಂದು ಬಂದು ನೋಡಿದರೆ ಐದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದ ನಾಲ್ಕು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಏನು ಮಾಡಬೇಕೆಂದು ತಿಳಿಯದೆ ನಿಂತಿರುವಾಗಲೇ ದೊಡ್ಡವ್ವ ಬಂದಳು.

“ಬೆಕ್ಕ ಬಂದಿತ್ತು,” ಎಂದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. “ಹಂಡೇದಾಗ ನೀರ ಐತಿಲ್ಲ? ಕೊಡ ತಾ. ಲಗೂ.”

ಮದುವೆಯ ಸೀರೆಯಲ್ಲೇ ನಾಲ್ಕು ಮೀನುಗಳನ್ನು ಹಂಡೆಗೆ ಬಿಟ್ಟಳು. ನೈದಿಲೆಯ ಎಲೆ ಒಣಗದಷ್ಟು ನೀರು ಉಳಿಸಿ, ಮಿಕ್ಕದ್ದನ್ನು ಇಬ್ಬರೂ ಕತ್ತಲಾಗುವವರೆಗೆ ತೋಡಿ ಚೆಲ್ಲಿದೆವು. ಆಮೇಲೆ ದಿನಾ ಇಷ್ಟು ತೆಗೆಯುವುದು, ಇಷ್ಟು ತುಂಬುವುದು. ಬೆಳಗಾದರೆ ಹೊಂಡದ ನೀರನ್ನು ಬಾಟಲಿಯಲ್ಲಿ ಕುಲುಕಿ ನೋಡುವಳು. ನಾಲ್ಕನೆಯ ಬೆಳಿಗ್ಗೆ ನೊರೆ ಬರಲಿಲ್ಲ. ಮೊದಲು ಒಂದೇ ಮೀನು ಬಿಟ್ಟು, ಮಧ್ಯಾಹ್ನದವರೆಗೆ ಕಾದು, ಉಳಿದ ಮೂರನ್ನು ಬಿಟ್ಟಳು. ಅವು ಎಲೆಯ ಕೆಳಗೆ ಸರಿದು ಮರೆಯಾದವು.

ಆಗ ನನಗೆ ತಡೆಯಲಾಗಲಿಲ್ಲ. “ದೊಡ್ಡವ್ವಾ, ಬೆಕ್ಕಲ್ಲ. ನಾನ ಅಂಟವಾಳ ಹಾಕಿದ್ದೆ.”

“ಗೊತ್ತೈತಿ ಬಿಡ. ನೊರಿ ಮಾಡೂ ಬೆಕ್ಕ ನಾ ಎಲ್ಲೂ ನೋಡಿಲ್ಲ.”

“ಮತ್ತ ಯಾಕ ಬೈಲಿಲ್ಲ?”

“ನಾಕ ಮೀನ ಇನ್ನಾ ಉಸುರಾಡಾಕತ್ತಿದ್ದವು. ನಿನ್ನ ಬೈಕೋಂತ ನಿಂತಿದ್ರ ಅವೂ ಹೋಗ್ತಿದ್ದವು.”

ದೊಡ್ಡವ್ವ ಈಗಿಲ್ಲ. ಹೊಂಡವಿದ್ದಲ್ಲಿ ಒಂದು ಖೋಲಿ ಎದ್ದಿದೆ. ಯಾದಗಿರಿಯ ನನ್ನ ಮಾಳಿಗೆಯ ಮೇಲೆ ಒಂದು ಸಿಮೆಂಟಿನ ತೊಟ್ಟಿ ಇಟ್ಟು ನೈದಿಲೆ ಬೆಳೆಸಿದ್ದೇನೆ, ಒಂದಿಷ್ಟು ಮೀನೂ ಬಿಟ್ಟಿದ್ದೆ. ನೀರನ್ನು ಎರಡು ದಿನ ಬಿಸಿಲಿಗಿಡುತ್ತೇನೆ, ಕುಂಡಕ್ಕೆ ಉಸುಕು ಹಾಕುತ್ತೇನೆ. ಅವಳಿಂದ ಕಲಿತದ್ದು ಯಾವುದನ್ನೂ ಬಿಟ್ಟಿಲ್ಲ ಎಂದೇ ತಿಳಿದಿದ್ದೆ. ಕಳೆದ ತಿಂಗಳು ಮಗಳು ಮಾಳಿಗೆ ತೊಳೆಯುವಾಗ ಸೋಪಿನ ನೀರು ತೊಟ್ಟಿಗೆ ಸಿಡಿದು ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ನಾನು ಅವಳನ್ನು ನಿಲ್ಲಿಸಿಕೊಂಡು ಕೇಳುತ್ತ ಹೋದೆ: ಎಷ್ಟು ಸೋಪು ಹಾಕಿದ್ದೆ, ತೊಟ್ಟಿ ಮುಚ್ಚಬೇಕೆಂದು ಗೊತ್ತಾಗಲಿಲ್ಲವೇ, ಕಣ್ಣೆಲ್ಲಿದ್ದವು. ಕೇಳಿ ಮುಗಿಸಿ ಬಗ್ಗಿ ನೋಡಿದಾಗ ಒಂದೂ ಉಸಿರಾಡುತ್ತಿರಲಿಲ್ಲ.