ಹಳೆಯ ಫೋಲ್ಡರಿನ ಮೇಲೆಯೇ ಹೊಸ ಸರ್ವರ್

ಸ್ನೇಹಿತರೇ, ನಿನ್ನೆ ಸಂಜೆ ನಮ್ಮೂರಿನ ನಾಡಕಚೇರಿಯಲ್ಲಿ ಸರ್ವರ್ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಹಳೆಯದಿದ್ದ ಫೋಲ್ಡರಿನಲ್ಲೇ ಹಾಕಿ, ಅದರೊಳಗಿದ್ದ ನಮ್ಮ ಅರ್ಜಿಗಳನ್ನೆಲ್ಲ ಅಳಿಸಿಬಿಟ್ಟಿದ್ದಾರೆ. ಇಂದು ನೆರೆಮನೆಯ ನಾಗಮ್ಮನವರ ಜೊತೆ ಹೋಗಿದ್ದೆ. ಅವರ ಮಗಳ ಜಾತಿ ಪ್ರಮಾಣಪತ್ರವನ್ನು ನಾಳೆಯೊಳಗೆ ಸೇಡಂನ ಕಾಲೇಜಿಗೆ ಕೊಡಬೇಕು.

“ಮತ್ತ ಅರ್ಜಿ ಹಾಕ್ರಿ ಅವ್ವಾ, ಹದಿನೈದು ದಿನದಾಗ ಬರ್ತದ,” ಎಂದ ಆಪರೇಟರ್.

“ನಾಳೇನೇ ಕಡೀ ದಿನ ಅದ ಯಪ್ಪಾ. ಕಾಲೇಜಿನವ್ರು ನಿನ್ನ ಹಾದಿ ಕಾಯ್ತಾರೇನು?” ಎಂದರು ನಾಗಮ್ಮ.

“ಬ್ಯಾರೆ ಫೋಲ್ಡರ್ ಯಾಕ ಆರಿಸ್ಲಿಲ್ಲ?” ಎಂದು ನಾನು ಕೇಳಿದೆ.

“ಎಲ್ಲಿ ಹಾಕ್ಲಿ ಅಂತ ಕಂಪ್ಯೂಟರ್ ಕೇಳ್ತು ಸರ್. ಹಳೇ ರಜಿಸ್ಟರ್ ಇದ್ದ ಕಪಾಟಿನ್ಯಾಗೇ ಹೊಸಾದೂ ಇಡ್ತೀವಲ್ರಿ, ಹಂಗೇ ಅಂದ್ಕೊಂಡೆ.”

“ಬ್ಯಾಕಪ್?”

“ಅದೂ ಅದೇ ಫೋಲ್ಡರಿನ್ಯಾಗ ಇತ್ರಿ.”

ಈ ಕಚೇರಿ ಹಳೆಯ ಕಟ್ಟಡ ಬಿಟ್ಟು ಬಂದಾಗ, ಏಳನೆಯ ತರಗತಿ ಓದಿದ್ದ ಜವಾನನೊಬ್ಬ ಹಳೆಯ ಕಪಾಟಿಗೆ ಬೀಗ ಜಡಿದು, ಹೊಸ ರಜಿಸ್ಟರ್ ಹಳೆಯದರೊಂದಿಗೆ ತಾಳೆಯಾಗುವವರೆಗೆ ಕೀಲಿಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ನನಗೆ ನೆನಪಿದೆ.

ನಾಗಮ್ಮ ಅಳಿಸಿಹೋದ ಅರ್ಜಿಯ ರಸೀದಿ ಹಿಡಿದುಕೊಂಡು ಇನ್ನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ. ಹುಡುಗಿಯ ಸೀಟು ಹೋದರೆ ಹೊಣೆ ಯಾರು? ಕಚೇರಿಯ ಮುಖ್ಯಸ್ಥರೇ, ಉತ್ತರವನ್ನು ನಾಳೆ ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಅಂಟಿಸಿ. ದಯವಿಟ್ಟು ಕಾಗದದ ಮೇಲೆ ಬರೆಯಿರಿ.