ಕ್ರಿಸ್‌ಮಸ್ ಟಗರಿನ ವ್ಯಾಪಾರ

ಆ ಟಗರಿಗೆ ನನ್ನ ಕಿಸೆಯಿಂದ ಎರಡೂವರೆ ಸಾವಿರ ಬಿರ್ ಹೋಯಿತು. ಬಿರ್ ಎಂದರೆ ಇಥಿಯೋಪಿಯಾದ ಹಣ. ವ್ಯಾಪಾರದಲ್ಲಿ ಸೋತು ಕೊಟ್ಟದ್ದಲ್ಲ, ಹೆದರಿ ಕೊಟ್ಟದ್ದು. ಇಂಥ ಮಾತು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ಹಡಗಲಿಯ ಮಲ್ಲಿಗೆಯನ್ನು ಬಸ್ಸುಗಳಲ್ಲಿ ಮಾರಿ ಓದಿದವನು ನಾನು. ದೆವ್ವ, ಶಕುನಗಳಿಗೆ ಪುರುಸೊತ್ತೇ ಇರಲಿಲ್ಲ.

ಗಣಿತ ಕಲಿಸಲು ಇಥಿಯೋಪಿಯಾದ ಪೂರ್ವದ ಒಂದು ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಅಲ್ಲಿ ಕ್ರಿಸ್‌ಮಸ್ ಬರುವುದು ನಮ್ಮ ಜನವರಿ ಏಳಕ್ಕೆ. ಅದಕ್ಕೆ ಮುಂಚೆ ನಲವತ್ತು ದಿನಕ್ಕೂ ಹೆಚ್ಚು ಕಾಲ ಅಲ್ಲಿನ ಕ್ರೈಸ್ತರು ಮಾಂಸ, ಹಾಲು ಮುಟ್ಟುವುದಿಲ್ಲ. ಹಬ್ಬದ ದಿನ ಮಾತ್ರ ಕೈಲಾದವರೆಲ್ಲ ಟಗರು ಕಡಿಯುತ್ತಾರೆ. ನಾನು ಬಾಡಿಗೆಗಿದ್ದ ಮನೆಯೊಡತಿ ಅಲ್ಮಾಜ್ ಗಂಡನಿಲ್ಲದ ಹೆಂಗಸು. ಸೈನ್ಯದಲ್ಲಿದ್ದ ಅವಳ ಒಬ್ಬನೇ ಮಗ ಮೂರು ವರ್ಷದ ಮೇಲೆ ಆ ಹಬ್ಬಕ್ಕೆ ಬರುವವನಿದ್ದ. ಅದಕ್ಕೆಂದೇ ಕೂಡಿಸಿಟ್ಟಿದ್ದ ಎಂಟು ಸಾವಿರವನ್ನು ಹಬ್ಬದ ಹಿಂದಿನ ದಿನ ಬೆಳಿಗ್ಗೆ ನನ್ನ ಕೈಗೆ ಕೊಟ್ಟಳು. ಓಣಿಯಲ್ಲಿ ಟೊಮೆಟೊದಿಂದ ಹಿಡಿದು ಮಂಚದವರೆಗೆ ಎಲ್ಲರಿಗೂ ಚೌಕಾಶಿ ಮಾಡಿಕೊಡುವವನು ನಾನೇ. ಮಗನ ಬಸ್ಸು ನಾಲ್ಕು ಗಂಟೆಗೆ. ಅಷ್ಟರಲ್ಲಿ ಟಗರು ಅಂಗಳದಲ್ಲಿರಬೇಕು, ಅವನು ಒಳಗೆ ಕಾಲಿಟ್ಟಾಗ ಅದೇ ಮೊದಲು ಕಣ್ಣಿಗೆ ಬೀಳಬೇಕು ಎಂದಳು. ಮೂರು ಸಲ ಹೇಳಿದಳು.

ಬೇರೆಯವರ ದುಡ್ಡು ಕಿಸೆಯಲ್ಲಿದ್ದರೆ ನನಗೆ ಊಟ ಸೇರುವುದಿಲ್ಲ. ಭಾಷೆಗೆಂದು ಸಹೋದ್ಯೋಗಿ ತೆಸ್ಫಾಯೆಯನ್ನು ಕರೆದುಕೊಂಡು ಸಂತೆಗೆ ಹೋದೆ. ಅಂಚಿನಲ್ಲಿ ಒಬ್ಬ ಮುದುಕ ಕಂದು ಟಗರೊಂದನ್ನು ಹಿಡಿದು ನಿಂತಿದ್ದ. ಹಲ್ಲು ನೋಡಿದೆ, ಬೆನ್ನು ಹಿಚುಕಿ ನೋಡಿದೆ. ಒಳ್ಳೆಯ ಮಾಲು. ದರ ಕೇಳಿದರೆ ಬಾಯಿ ಬಿಡದೆ, ಹೆಗಲ ಬಟ್ಟೆ ತೆಗೆದು ನಮ್ಮಿಬ್ಬರ ಬಲಗೈಗಳ ಮೇಲೆ ಹೊದಿಸಿ ಒಳಗೆ ನನ್ನ ಬೆರಳು ಹಿಡಿದ. ನನಗೆ ನಗು ಬಂತು. ನನ್ನ ಸೋದರಮಾವ ಹರಪನಹಳ್ಳಿ ದನದ ಸಂತೆಯ ದಲಾಲಿ. ಸುತ್ತ ನಿಂತವರಿಗೆ ದರ ತಿಳಿಯದಂತೆ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ಅವನಿಂದಲೇ ಕಲಿತಿದ್ದೆ. ಇಲ್ಲಿಯೂ ಅದೇ ಪದ್ಧತಿ ಇದೆಯೆಂದು ತಿಳಿದದ್ದು ಆವತ್ತೇ.

ಬೆರಳಲ್ಲೇ ಮುದುಕ ಎಂಟು ಸಾವಿರ ಎಂದ, ನಾನು ಐದು ಎಂದೆ. ಆರಕ್ಕೆ ಬಂದು ನಿಂತಿತು. ಎರಡು ಸಾವಿರ ಉಳಿಯಿತಲ್ಲ ಎಂದು, ಒಪ್ಪಿಗೆಗಾಗಿ ಅವನ ಐದೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದೆ. ಆಗ ಒಂದು ಹೆಬ್ಬೆರಳು ನನ್ನ ಮಣಿಕಟ್ಟನ್ನು ಒತ್ತಿತು. ಎರಡು ಸಲ.

ಅದು ಮಾವನ ಸನ್ನೆ. ನಾನು ಕಲಿಯುವ ದಿನಗಳಲ್ಲಿ, ವ್ಯಾಪಾರ ಸರಿಯಿಲ್ಲ ಎನಿಸಿದರೆ ಪಕ್ಕದಲ್ಲಿ ಕೂತವನು ಟವೆಲಿನ ಕೆಳಗೆ ಕೈ ತೂರಿಸಿ ನನ್ನ ಮಣಿಕಟ್ಟನ್ನು ಹಾಗೆ ಒತ್ತುತ್ತಿದ್ದ. ಬಿಟ್ಟು ಎದ್ದು ಬಾ ಎಂದರ್ಥ.

ನನ್ನ ಎಡಗೈಯಲ್ಲಿ ಟಗರಿನ ಹಗ್ಗವಿತ್ತು, ಮುದುಕನ ಎಡಗೈಯಲ್ಲಿ ಕೋಲು. ಅವನ ಬಲಗೈ ಪೂರ್ತಿ ನನ್ನ ಮುಷ್ಟಿಯಲ್ಲಿತ್ತು. ತೆಸ್ಫಾಯೆ ನಾಲ್ಕು ಹೆಜ್ಜೆ ದೂರದಲ್ಲಿದ್ದ.

ನಾನು ಕೈ ಎಳೆದುಕೊಳ್ಳುವ ಮೊದಲೇ ಮುದುಕ ಎಳೆದುಕೊಂಡ. ಬಟ್ಟೆ ಕೆಳಗೆ ಬಿತ್ತು. ತನ್ನ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ ಏನೋ ಅಂದ.

"ಯಾಕೆ ಎರಡು ಸಲ ಒತ್ತಿದೆ ಅಂತ ಕೇಳ್ತಿದ್ದಾನೆ," ಎಂದ ತೆಸ್ಫಾಯೆ.

"ನಾನೆಲ್ಲಿ ಒತ್ತಿದೆ? ಅವನೇ ನನ್ನ ಕೈ ಒತ್ತಿದ್ದು ಅಂತ ಹೇಳು."

ಹೇಳಿದ. ಮುದುಕ ನನ್ನ ಮುಖ ನೋಡಿದ, ಬಿದ್ದ ಬಟ್ಟೆ ನೋಡಿದ. ಅದನ್ನು ಎತ್ತಿಕೊಳ್ಳಲೂ ಇಲ್ಲ. ಹಗ್ಗ ಕಿತ್ತುಕೊಂಡು, ಕಸಕಡ್ಡಿಗೂ ಗಿರಾಕಿ ಇರುವ ಆ ದಿನ, ಟಗರನ್ನು ಮಾರದೆ ಹೊಡೆದುಕೊಂಡು ಹೋದ. ಕರೆಯಲೇ ಎಂದು ತೆಸ್ಫಾಯೆ ಕೇಳಿದ. ಬೇಡ ಎಂದೆ.

ಮಾವನಿಗೆ ಏನಾದರೂ ಆಯಿತೇನೋ ಎಂಬ ಭಯ ಹಿಡಿಯಿತು. ಫೋನ್ ಹಚ್ಚಿದರೆ ನೆಟ್‌ವರ್ಕ್ ಇಲ್ಲ. ಸಂತೆ ಖಾಲಿಯಾಗುತ್ತಿತ್ತು, ದರ ಏರುತ್ತಿತ್ತು, ಇನ್ನೊಬ್ಬರ ಕೈ ಮುಟ್ಟಲು ನನಗೆ ಧೈರ್ಯವಿರಲಿಲ್ಲ. ಕೊನೆಗೆ ಅದಕ್ಕಿಂತ ಸಣ್ಣದೊಂದು ಟಗರಿಗೆ, ಹೇಳಿದ ದರವನ್ನೇ, ಹತ್ತೂವರೆ ಸಾವಿರ ಕೊಟ್ಟೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಅದನ್ನು ಅಂಗಳದಲ್ಲಿ ಕಟ್ಟಿದೆ. ಸರಿಯಾಗಿ ಎಂಟು ಸಾವಿರವಾಯಿತು ಎಂದು ಅಲ್ಮಾಜ್‌ಗೆ ಸುಳ್ಳು ಹೇಳಿದೆ. ಬೇರೆ ಯಾರು ಹೋಗಿದ್ದರೂ ಹತ್ತಕ್ಕೆ ಕಡಿಮೆ ತರುತ್ತಿರಲಿಲ್ಲ ಎಂದು ಅವಳು ನನ್ನ ಬೆನ್ನು ತಟ್ಟಿದಳು. ಮಗ ಬಂದ. ಟಗರಿನ ಕಡೆ ನೋಡಲೇ ಇಲ್ಲ, ತಾಯಿಯನ್ನು ಅಪ್ಪಿಕೊಂಡು ನಿಂತುಬಿಟ್ಟ.

ಸಂಜೆ ಮಾವನಿಗೆ ಫೋನ್ ತಾಗಿತು.

"ಏನ್ಲೇ ಮಾಸ್ತರ, ಇವತ್ತ ಮಾವ ನೆನಪಾದ್ನಾ?"

"ಆರಾಮ ಅದಿಯೇನು ಮಾವ?"

"ಕೊಟ್ಟೂರಾಗ ಮಿರ್ಚಿ ತಿನ್ನಾಕತ್ತೀನಿ. ಯಾಕ, ಸತ್ತೀನಂತ ಯಾರರ ಹೇಳ್ಯಾರೇನು?"

ನಡೆದದ್ದನ್ನು ಹೇಳಿದೆ. ನಗುತ್ತ ಕೇಳುತ್ತಿದ್ದವನು ನಡುವೆಯೇ ನನ್ನ ಮಾತು ತಡೆದ.

"ಎಷ್ಟು ಸಲ ಒತ್ತಿತು?"

"ಎರಡು ಸಲ."

"ನಂದು ಒಂದ ಸಲ, ಲೇ. ಎರಡು ಸಲ ಒತ್ತಾವ ನಾನಲ್ಲ."

"ಮತ್ತ ಯಾರು?"

"ಇಲ್ಲಿಗೆ ಬಿಡು ಆ ಮಾತು. ಮೆಕ್ಕಿಜೋಳದ ರೇಟು ಎಲ್ಲಿಗೆ ಹೋಗೇತಿ ಗೊತ್ತೈತೇನು?"

ಊರಿಗೆ ಬಂದ ಮೇಲೆ ಎದುರಿಗೇ ಕೂತು ಕೇಳಿದೆ. ಎರಡು ಸಲ ಒತ್ತುವವರು ಯಾರೆಂದು ಅವನು ಇವತ್ತಿಗೂ ಹೇಳಿಲ್ಲ. ಅವನಿಗೆ ಗೊತ್ತಿದೆಯೋ ಇಲ್ಲವೋ ಅದೂ ನನಗೆ ತಿಳಿಯದು. ಆ ಹಬ್ಬದಲ್ಲಿ ನಮ್ಮ ಓಣಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಮುದುಕ ಮತ್ತೆ ಆ ಸಂತೆಯಲ್ಲಿ ಕಾಣಲಿಲ್ಲ. ನರ ಹಾರಿರಬೇಕು ಎಂದುಕೊಳ್ಳೋಣವೆಂದರೆ, ಇಬ್ಬರಿಗೂ ಒಂದೇ ಗಳಿಗೆಯಲ್ಲಿ, ಎರಡೆರಡು ಸಲ ಹಾರುತ್ತದೆಯೇ?

ಹೊರದೇಶಕ್ಕೆ ಕಲಿಸಲು ಹೋಗುವವರಿಗೆ ನನ್ನ ಮಾತು ಇಷ್ಟೇ. ಹಬ್ಬದ ಖರೀದಿಯನ್ನು ಎರಡು ದಿನ ಮೊದಲೇ ಮುಗಿಸಿ. ಬೇರೆಯವರ ದುಡ್ಡಿನಲ್ಲಿ ವ್ಯಾಪಾರಕ್ಕೆ ಹೋದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ. ದರವನ್ನು ಬಾಯಲ್ಲೇ ಆಡಿ, ಭಾಷೆ ಬರದಿದ್ದರೆ ಕಾಗದದಲ್ಲಿ ಬರೆದು ತೋರಿಸಿ. ಬಟ್ಟೆಯ ಕೆಳಗೆ ಕೈ ಕೊಡಲೇಬೇಕಾಗಿ ಬಂದರೆ, ಕೊಡುವ ಮೊದಲು ಬಟ್ಟೆ ಎತ್ತಿ ಒಳಗೆ ಎಷ್ಟು ಕೈಗಳಿವೆ ಎಂದು ನೋಡಿಕೊಳ್ಳಿ.