ಮಾವನ ಕೆಮ್ಮಿಗೆ ಹಕ್ಕುದಾರರು

"ಆಮೇಲೆ ಎಲ್ಲರೂ ನಕ್ಕು ಹಗುರಾದರು" ಎಂದು ಯಾರಾದರೂ ಆ ಮದುವೆಯ ಕಥೆ ಮುಗಿಸಿದರೆ ನನ್ನ ಮೈ ಉರಿಯುತ್ತದೆ. ಅಲ್ಲಿ ನಾನಿದ್ದೆ. ಎಲ್ಲರೂ ನಗಲಿಲ್ಲ. ನಕ್ಕವರು ಹಗುರಾಗಲೂ ಇಲ್ಲ. ಅವರು ಸಿರಾ ತಿನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆ. ಗೆಳೆಯ ವಿರೂಪಾಕ್ಷಿ ಮಸ್ಕಿಯಲ್ಲಿ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ. ಅವನೂ ನಾನೂ ಕೂಡಿ ಕ್ಯಾಸೆಟ್ಟಿನಲ್ಲಿ ಒಂದು ಹರಟೆ ಕಾರ್ಯಕ್ರಮ ಮಾಡಿದೆವು. ರೇಡಿಯೋದಲ್ಲಿ ನಗಿಸುವವರೆಲ್ಲ ಇಸ್ತ್ರಿ ಮಾಡಿದ ಕನ್ನಡದಲ್ಲಿ ನಗಿಸುತ್ತಾರೆ, ನಮ್ಮ ಓಣಿಯ ಮಾತು ಅವರ ಕಿವಿಗೇ ಬಿದ್ದಿಲ್ಲ ಎಂಬುದು ಆಗಿನ ಸಿಟ್ಟು. ನನ್ನ ಸೋದರಮಾವ ಚೆನ್ನಪ್ಪನ ಕಾಳಿನ ಗೋದಾಮೇ ಸ್ಟುಡಿಯೊ. ಜೋಳದ ಚೀಲಗಳ ನಡುವೆ ದನಿ ಗುಂಯ್‌ಗುಡುತ್ತಿರಲಿಲ್ಲ. ನಾನು ಬರೆಯುತ್ತಿದ್ದೆ, ವಿರೂಪಾಕ್ಷಿ ಬಗೆಬಗೆಯ ದನಿಯಲ್ಲಿ ಆಡುತ್ತಿದ್ದ. ಮದುವೆಗಳಲ್ಲಿ ಎರಡು ಹಾಡಿನ ನಡುವೆ ಅದನ್ನು ಹಚ್ಚುತ್ತಿದ್ದ. ಲಿಂಗಸುಗೂರು, ಸಿಂಧನೂರಿನವರೂ ಆ ಹರಟೆ ಕ್ಯಾಸೆಟ್ ತರಲೇಬೇಕೆಂದು ಹೇಳಿ ಕಳಿಸುತ್ತಿದ್ದರು.

ಅದರಲ್ಲಿ ಪಂಕ್ತಿಗೆ ಕುಳಿತ ಒಬ್ಬ ದೊಡ್ಡ ಮನುಷ್ಯ ಬರುತ್ತಿದ್ದ. ಬಡಿಸುವವನು ಎದುರು ನಿಂತ ಕೂಡಲೇ ಒಮ್ಮೆ ಕೆಮ್ಮಿ, "ನಂಗ ಸಾಕ್ರಿ. ನೀವು ಹಾಕೇ ಹಾಕ್ತೀವಂದ್ರ ನಾ ಯಾಕ ಅಡ್ಡ ಬರ್ಲಿ?" ಎನ್ನುತ್ತಿದ್ದ. ಇದು ನನ್ನ ಕಲ್ಪನೆಯಲ್ಲ. ಸಾಕ್ಷಾತ್ ಚೆನ್ನಪ್ಪ ಮಾವ. ಕೆಮ್ಮನ್ನೂ ಬಿಡದೆ ಎತ್ತಿದ್ದೆವು. ಅದನ್ನು ಕೇಳಿದಾಗಲೆಲ್ಲ ಮಾವ ಹೊಟ್ಟೆ ಹಿಡಿದು ನಗುತ್ತಿದ್ದ, ಇಂಥ ಮಂದಿಯೂ ಇರುತ್ತಾರಲ್ಲ ಎಂದು. ಹಳೆಯ ಶಾಸ್ತ್ರಕಾರರು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾರಂತೆ. ತನ್ನನ್ನೇ ಕಂಡು ಪರರೆಂದುಕೊಂಡು ನಗುವ ಏಳನೆಯ ಬಗೆ ಅವರಿಗೆ ಹೊಳೆಯಲಿಲ್ಲ. ಅವರಿಗೆ ನಮ್ಮ ಮಾವ ಸಿಕ್ಕಿರಲಿಲ್ಲ.

ಆಮೇಲೆ ವಿರೂಪಾಕ್ಷಿಯ ತಂಗಿಯ ಮದುವೆ. ಬೀಗರು ತುರ್ವಿಹಾಳದವರು. ಮುಹೂರ್ತದ ಅಕ್ಕಿಕಾಳು ಬೀಳಲು ಇನ್ನೂ ಹೊತ್ತಿತ್ತು. ಬೀಗರಿಗೆ ನಾಷ್ಟಾ ನಡೆದಿತ್ತು. ಸಿಹಿ ಸಿರಾದ ಜೊತೆಗಿದ್ದದ್ದು ಉಪ್ಪಿಟ್ಟೋ ಮಂಡಕ್ಕಿಯ ಸುಸಲಾವೋ, ಈಗ ಸುಳ್ಳು ಹೇಳಲಾರೆ. ಬೀಗರ ಕಡೆಯವನಲ್ಲದಿದ್ದರೂ ಮಾವ ಅದೇ ಪಂಕ್ತಿಯಲ್ಲಿದ್ದ. ಮೊದಲ ಪಂಕ್ತಿಯನ್ನು ಅವನು ಎಂದೂ ಬಿಟ್ಟವನಲ್ಲ. ಮೈಕಿನಲ್ಲಿ ನಮ್ಮ ಕ್ಯಾಸೆಟ್ಟಿನ ಕೆಮ್ಮು ಕೇಳಿತು. ವರನ ದೊಡ್ಡಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ.

"ಕರೆಸಿ ಮರ್ಯಾದಿ ತೆಗೀತೀರೇನು? ಆ ಕೆಮ್ಮು ನಂದು. ತುರ್ವಿಹಾಳದಾಗ ಯಾರನ್ನರ ಕೇಳ್ರಿ. ಏ ತಮ್ಮಾ, ಟ್ರ್ಯಾಕ್ಟರ್ ಚಾಲೂ ಮಾಡು."

ವರನಿಗೆ ತಂದೆಯಿಲ್ಲ, ದೊಡ್ಡಪ್ಪ ಹೋದರೆ ಮದುವೆಯೂ ಹೋದಂತೆ. ಬಾಸಿಂಗ ಕೈಯಲ್ಲಿ ಹಿಡಿದು ವರ ಪಿಳಿಪಿಳಿ ನೋಡುತ್ತಿದ್ದ. ವಿರೂಪಾಕ್ಷಿಯ ತಾಯಿ ಹಂದರದ ಕಂಬ ಹಿಡಿದುಕೊಂಡರು. ನಿಮ್ಮದಲ್ಲ ಎಂದು ನಾವು ಆಣೆ ಇಟ್ಟೆವು. ಹಾಗಾದರೆ ಯಾರದೆಂದು ದೊಡ್ಡಪ್ಪ ಕೇಳಿದ. ಮಾವನತ್ತ ಕೈ ಮಾಡಿ ತೋರಿಸಿದೆ.

"ನಂದಾ? ಲೇ, ನಾ ಎಂದರ ಹಂಗ ಅಂದೀನೇನಲೇ?" ಎಂದ ಮಾವ.

ದೊಡ್ಡಪ್ಪನೂ ಬಿಟ್ಟುಕೊಡಲಿಲ್ಲ. ಅವರದಲ್ಲ, ತನ್ನದೇ ಎಂದ. ನೋಡಿ ಅನ್ಯಾಯವನ್ನು! ಯಾರನ್ನು ಗೇಲಿ ಮಾಡಿದ್ದೆವೋ ಅವನಿಗೆ ಅದು ಬೇಡ; ಸಂಬಂಧವೇ ಇಲ್ಲದವನು ಹಕ್ಕು ಸಾಧಿಸುತ್ತಾನೆ; ಬರೆದವನ ಮಾತು ಮಾತ್ರ ಯಾರಿಗೂ ರುಜುವಾತಲ್ಲ.

ಇದೇನೂ ಗೊತ್ತಿಲ್ಲದ ಬಡಿಸುವವನೊಬ್ಬ ಸಿರಾದ ಬಕೆಟ್ ಹಿಡಿದು ಮಾವನೆದುರು ಬಂದು ನಿಂತ. ಮಾವ ಜಗಳದಿಂದ ಮುಖ ತಿರುಗಿಸಿ, ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು, ಒಮ್ಮೆ ಕೆಮ್ಮಿದ.

"ನಂಗ ಸಾಕಪಾ. ನೀ ಹಾಕೇ ಹಾಕ್ತೀನಂದ್ರ ನಾ ಯಾಕ ಅಡ್ಡ ಬರ್ಲಿ?"

ಮೊದಲು ಅಲುಗಿದ್ದು ದೊಡ್ಡಪ್ಪನ ಹೆಗಲು. ಆಮೇಲೆ ನಗೆ ಈ ತುದಿಯಿಂದ ಆ ತುದಿಗೆ ಹರಿಯಿತು.

"ಹೌದ್ರಿ, ಅವರ್ದ ಐತಿ," ಎನ್ನುತ್ತಾ ದೊಡ್ಡಪ್ಪ ಮತ್ತೆ ಕುಳಿತ. "ನಂದು ಇಷ್ಟು ಚಂದ ಇಲ್ಲ."

ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ಆದರೆ ಮಾವ ಹಾಕಿಸಿಕೊಂಡ ಸಿರಾ ಮುಟ್ಟದೆ ಎದ್ದುಹೋಗಿದ್ದ. ಮರುದಿನ ಗೋದಾಮಿಗೆ ಹೊಸ ಬೀಗ ಬಿತ್ತು. ನಮ್ಮ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಎಲ್ಲರೂ ನಕ್ಕು ಹಗುರಾದರು ಎನ್ನುವ ವಿರೂಪಾಕ್ಷಿ ಆ ಬೀಗದ ಸುದ್ದಿ ಎತ್ತುವುದೇ ಇಲ್ಲ.

ಮಾವನ ಆವೃತ್ತಿ ಬೇರೆ. "ಬೀಗರು ಎದ್ದು ಹೊಂಟಿದ್ರು. ನಾ ಒಂದ ಮಾತಂದೆ, ಕುಂತ್ರು," ಎಂದು ಈಗಲೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ. ಯಾವ ಮಾತೆಂದು ಮಾತ್ರ ಹೇಳುವುದಿಲ್ಲ. ನೆನಪುಗಳನ್ನು ನಾನು ಸುಮ್ಮನೆ ನಂಬುವವನಲ್ಲ. ಮಾವನ ಈ ಮಾತನ್ನೂ ಎಲ್ಲ ಮಗ್ಗುಲಿಂದ ತಿರುವಿ ನೋಡಿದ್ದೇನೆ. ಎಲ್ಲೂ ಸುಳ್ಳು ಸಿಗುತ್ತಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ. "ಕುಂತ್ರು" ಎಂದಾದ ಮೇಲೆ ಮಾವ ಒಮ್ಮೆ ಕೆಮ್ಮುತ್ತಾನೆ.